ಪುಟ್ಟ ಮನೆ, ಮೂರು ವರ್ಷದ ಹುಡುಗ, ಎಲ್ಲೆಲ್ಲೂ ಕಿಪ್ಪಾ ಟೋಪಿ. ಇಡೋದು ಎಲ್ಲಿ?

ಕುಂದಾಪ್ರದ_ಅಕ್ಕ

ಎಲ್ಲರಿಗೂ ನಮಸ್ಕಾರ. ಊರು ಕುಂದಾಪುರದ ಹತ್ತಿರ, ಕೆಲಸ ಜೆರುಸಲೇಮಿನಲ್ಲಿ. ಒಬ್ಬರು ಯಹೂದಿ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ಪ್ರಶ್ನೆ ಅಜ್ಜಿಯದ್ದಲ್ಲ, ಅವರ ಮರಿಮಗನದ್ದು.

ಅಜ್ಜಿಯ ಮೊಮ್ಮಗಳು, ಅವಳ ಗಂಡ, ಮಗ ಈಗ ಇದೇ ಮನೆಗೆ ಬಂದಿದ್ದಾರೆ. ಮೂರು ರೂಮಿನ ಮನೆ. ಇಲ್ಲಿ ಹಾಲನ್ನೂ ರೂಮು ಅಂತಲೇ ಲೆಕ್ಕ ಹಿಡಿಯುತ್ತಾರೆ, ಹಾಗಾಗಿ ನಮ್ಮ ಲೆಕ್ಕಕ್ಕೆ ಎರಡೇ. ಒಂದರಲ್ಲಿ ಅಜ್ಜಿ ಮತ್ತು ನಾನು, ಇನ್ನೊಂದರಲ್ಲಿ ಅವರು ಮೂವರು. ಬಟ್ಟೆ ಕಪಾಟು ತುಂಬಿ ಬಾಗಿಲು ಹಾಕಲಾಗದ ಸ್ಥಿತಿ.

ಹುಡುಗನಿಗೆ ಮೊನ್ನೆ ಮೂರು ತುಂಬಿತು. ಅಲ್ಲಿಯವರೆಗೆ ಕೂದಲು ಬಿಟ್ಟು, ಮೂರಕ್ಕೆ ತೆಗೆಸುತ್ತಾರೆ. ನಮ್ಮ ಜವಳದ ಹಾಗೆಯೇ ಅಂದುಕೊಳ್ಳಿ, ಆದರೆ ಕಿವಿ ಪಕ್ಕದ ಕೂದಲು ಬಿಡುತ್ತಾರೆ. ಆವತ್ತಿನಿಂದ ತಲೆಯ ಮೇಲೆ ಕಿಪ್ಪಾ ಅನ್ನೋ ಅವರ ಧರ್ಮದ ಪುಟ್ಟ ಟೋಪಿ, ಮೈಮೇಲೆ ನಾಲ್ಕು ಮೂಲೆಗೆ ದಾರ ಕಟ್ಟಿದ ತ್ಸಿತ್ಸಿತ್ ಅನ್ನೋ ಬಟ್ಟೆ. ಸಮಾರಂಭಕ್ಕೆ ಬಂದವರೆಲ್ಲ ಕಿಪ್ಪಾ ಕೊಟ್ಟರು. ಅಜ್ಜಿ ಕೈ ಗಟ್ಟಿ ಇದ್ದಾಗಲೇ ಕ್ರೋಶಾದಲ್ಲಿ ಹೆಣೆದು ಎತ್ತಿಟ್ಟಿದ್ದವು ಬೇರೆ. ಶಬ್ಬಾತ್‌ಗೆ, ಅಂದರೆ ಶುಕ್ರವಾರ ಸಂಜೆ ಶುರುವಾಗುವ ವಿಶ್ರಾಂತಿ ದಿನಕ್ಕೆ, ವೆಲ್ವೆಟ್‌ನದ್ದು, ರೈಲಿನ ಚಿತ್ರದ್ದು, ಫುಟ್ಬಾಲ್ ಟೀಮಿನದ್ದು, ಮದುವೆ ಮನೆಗಳಲ್ಲಿ ಹಂಚಿದ ಸ್ಯಾಟಿನ್‌ನದ್ದು.

ಇಷ್ಟಿದ್ದೂ ಬೆಳಿಗ್ಗೆ ಶಿಶುವಿಹಾರಕ್ಕೆ ಹೊರಡುವಾಗ ಒಂದೂ ಸಿಗುವುದಿಲ್ಲ! ಸೋಫಾ ಸಂದಿಯಲ್ಲಿ ಒಂದು, ಒಗೆಯೋ ಬಟ್ಟೆ ಬುಟ್ಟಿಯಲ್ಲಿ ಒಂದು, ಅಜ್ಜಿಯ ವೀಲ್‌ಚೇರ್ ಕೆಳಗೆ ಒಂದು. ಹುಡುಕುವ ಕೆಲಸ ನನ್ನ ತಲೆಗೇ. ಪೆಟ್ಟಿಗೆಯಲ್ಲಿ ಇಡಲಾ, ನೇತು ಹಾಕಲಾ? ಮಡಿಸಬಹುದಾ? ಪವಿತ್ರ ವಸ್ತುವಿನ ಹಾಗೆ ಬೇರೆಯೇ ಇಡಬೇಕಾ? ಮನೆಯವರನ್ನು ಕೇಳಿದರೆ ನಕ್ಕು, ಎಲ್ಲಿ ಬೇಕಾದರೂ ಇಡು ಅನ್ನುತ್ತಾರೆ. ಆ "ಎಲ್ಲಿ ಬೇಕಾದರೂ" ಇಟ್ಟೇ ಈ ಗತಿ.

ಬಜ್ಪೆ_ಟು_ಬೇರ್‌ಶೇವಾ

ಮಾರಾಯ್ತಿ, ಪೆಟ್ಟಿಗೆ ಗಿಟ್ಟಿಗೆ ಏನೂ ಬೇಡ. ಹೊರಬಾಗಿಲ ಪಕ್ಕ, ಹುಡುಗನ ಕೈಗೆ ಎಟುಕುವ ಎತ್ತರದಲ್ಲಿ ಒಂದು ಕೊಕ್ಕೆ ಅಂಟಿಸು. ಮೊಳೆ ಹೊಡೆಯಬೇಡ, ಕಲ್ಲಿನ ಗೋಡೆ ಇದ್ದರೆ ಮೊಳೆಯೂ ಬಾಗುತ್ತದೆ, ಓನರ್ ಜೊತೆ ಜಗಳವೂ ಆಗುತ್ತದೆ. ಕೊಕ್ಕೆಗೆ ಒಂದು ಸಣ್ಣ ಬಟ್ಟೆ ಚೀಲ. ಅದರಲ್ಲಿ ನಾಲ್ಕೇ ಕಿಪ್ಪಾ. ಉಳಿದದ್ದೆಲ್ಲ ಕಟ್ಟಿ ಮೇಲೆ ಹಾಕು.

ನಾನು ಇದ್ದ ಮನೆಯಲ್ಲಿ ಮೂರು ಹುಡುಗರು. ಒಬ್ಬೊಬ್ಬನಿಗೆ ಒಂದೊಂದು ಬಣ್ಣದ ಚೀಲ. ಶಿಶುವಿಹಾರದಿಂದ ಬಂದ ಕೂಡಲೇ ಶೂ ಬಿಚ್ಚುವ ಜಾಗದಲ್ಲೇ ಚೀಲ. ಹುಡುಗ ಎಲ್ಲಿ ಕಳಚುತ್ತಾನೋ ಅಲ್ಲೇ ಇಡುವ ಜಾಗ ಇರಬೇಕು. ಬೆಡ್‌ರೂಮಿನ ಕಪಾಟಿನವರೆಗೆ ಅವನು ತೆಗೆದುಕೊಂಡು ಹೋಗುತ್ತಾನೆ ಅಂತ ನಂಬಿದರೆ ನೀನು ಸೋಫಾ ಸಂದಿಯಲ್ಲೇ ಕೈ ಹಾಕುತ್ತಿರಬೇಕು.

ಎಡಿಸನ್_ಪಕ್ಕದ_ಸೊಸೆ

ಅಕ್ಕ, ನಾನು ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿದ್ದೇನೆ. ಎಡಿಸನ್‌ಗೆ ಹತ್ತಿರ. ಒಂದು ಕಡೆ ಇಡ್ಲಿ ಹಿಟ್ಟು ಸಿಗುತ್ತದೆ, ಇನ್ನೊಂದು ಕಡೆ ಯಹೂದಿ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ನಡೆದೇ ಹೋಗಬಹುದು. ನನ್ನಂಥವಳಿಗೆ ಹೇಳಿ ಮಾಡಿಸಿದ ಊರು. ಮದುವೆಗೆ ಮುಂಚೆ ನಾನು ಯಹೂದಿ ಧರ್ಮಕ್ಕೆ ಬಂದೆ, ಮಗನಿಗೆ ಈಗ ಐದು. ಹಾಗಾಗಿ ಈ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಮೊದಲು ಪವಿತ್ರತೆಯ ಮಾತು. ಕಿಪ್ಪಾ ಧರಿಸುವುದು ದೇವರ ಮೇಲಿನ ಗೌರವಕ್ಕೆ. ಆದರೆ ಟೋಪಿ ಅನ್ನೋ ಬಟ್ಟೆಗೆ ಧರ್ಮಗ್ರಂಥವಾದ ತೋರಾದ ಸುರುಳಿಗೋ ಪ್ರಾರ್ಥನೆ ಪುಸ್ತಕಕ್ಕೋ ಇರುವಂಥ ಪಾವಿತ್ರ್ಯ ಇಲ್ಲ. ದೇವರ ಹೆಸರಿರುವ ಹಾಳೆ ಹರಿದರೆ ಎಸೆಯುವ ಹಾಗಿಲ್ಲ, ಅದನ್ನು ಗೆನಿಜಾಕ್ಕೆ, ಅಂದರೆ ಅಂಥ ಹಾಳೆಗಳನ್ನು ಕೂಡಿಡುವ ಜಾಗಕ್ಕೆ ಹಾಕಿ ಆಮೇಲೆ ಹೂಳುತ್ತಾರೆ. ಹಳೇ ಕಿಪ್ಪಾಗೆ ಅದು ಬೇಕಿಲ್ಲ. ಒಗೆಯಬಹುದು, ಮಡಿಸಬಹುದು, ಸಾಕ್ಸ್ ಪಕ್ಕದ ಡ್ರಾಯರಿನಲ್ಲಿ ಇಟ್ಟರೂ ಯಾರೂ ಬೈಯುವುದಿಲ್ಲ. ಆದರೂ ನೆಲದ ಮೇಲೆ ಬಿದ್ದರೆ ಎತ್ತಿ ಇಡುತ್ತೇವೆ. ಕೆಲವು ಮನೆಗಳಲ್ಲಿ ಎತ್ತಿ ಮುತ್ತು ಕೊಡುವುದನ್ನೂ ನೋಡಿದ್ದೇನೆ. ಅದು ನಿಯಮ ಅನ್ನೋದಕ್ಕಿಂತ ರೂಢಿ.

ಹಾಗಾಗಿ "ಎಲ್ಲಿ ಬೇಕಾದರೂ ಇಡು" ಅಂತ ಅವರು ಹೇಳಿದ್ದು ಸುಳ್ಳಲ್ಲ. ಸಹಾಯ ಆಗಲಿಲ್ಲ ಅಷ್ಟೇ!

ಈಗ ಜಾಗದ ವಿಷಯ. ಎಲ್ಲ ಕಿಪ್ಪಾವನ್ನೂ ಒಂದೇ ಕಡೆ ಇಡುವುದು ಬೇಡ. ದಿನಾ ಹಾಕುವುದು ಬಾಗಿಲ ಹತ್ತಿರ, ಬಜ್ಪೆಯವರು ಹೇಳಿದ ಹಾಗೆ. ಶಬ್ಬಾತ್‌ನದ್ದು ಬಿಳಿ ಅಂಗಿಯ ಜೊತೆ, ಅದೇ ಹ್ಯಾಂಗರ್‌ಗೆ ಒಂದು ಬಟ್ಟೆ ಕ್ಲಿಪ್ ಹಾಕಿ ಸಿಕ್ಕಿಸಿಬಿಡಿ. ಶುಕ್ರವಾರ ಸಂಜೆ ಅಂಗಿ ತೆಗೆದರೆ ಕಿಪ್ಪಾವೂ ಬಂತು. ಮದುವೆಯ ಸ್ಯಾಟಿನ್‌ನವು ಮಗುವಿನ ತಲೆಗೆ ದೊಡ್ಡದಾಗುತ್ತವೆ, ಜಾರುತ್ತವೆ. ಅವು ದೊಡ್ಡವರ ಅಳತೆಯವು. ಒಳಗಡೆ ಗಂಡು ಹೆಣ್ಣಿನ ಹೆಸರು, ಮದುವೆ ದಿನಾಂಕ ಅಚ್ಚಾಗಿರುತ್ತದೆ ಅಂತ ಯಾರೂ ಎಸೆಯುವುದಿಲ್ಲ. ನಾವು ಹತ್ತಿರದವರ ಮದುವೆಯದ್ದು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸಿನಗಾಗ್ ಬಾಗಿಲಲ್ಲಿರುವ ಬುಟ್ಟಿಗೆ ಹಾಕಿದೆವು. ಟೋಪಿ ಇಲ್ಲದೆ ಬರುವ ಅತಿಥಿಗಳಿಗೆ ಅಂತ ಆ ಬುಟ್ಟಿ ಇರುತ್ತದೆ. ಅರ್ಧ ಡ್ರಾಯರ್ ಖಾಲಿಯಾಯಿತು.

ಇನ್ನೊಂದು. ನೀವು ಹುಡುಕುತ್ತಿರುವುದು ಕಿಪ್ಪಾ ಅಂದುಕೊಂಡಿದ್ದೀರಿ. ನಿಜವಾಗಿ ಕಳೆದುಹೋಗುವುದು ಕ್ಲಿಪ್. ಕ್ಲಿಪ್ ಇಲ್ಲದ ಕಿಪ್ಪಾ ಮಗುವಿನ ತಲೆ ಮೇಲೆ ಐದು ನಿಮಿಷ ನಿಲ್ಲುವುದಿಲ್ಲ, ಬಿದ್ದ ಜಾಗದಲ್ಲೇ ಉಳಿಯುತ್ತದೆ. ಟಿಕ್‌ಟಾಕ್ ಕ್ಲಿಪ್ಪಿನ ತೂತಿಗೆ ದಾರ ಹಾಕಿ ಕಿಪ್ಪಾಗೇ ಹೊಲಿದುಬಿಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಸುಮ್ನೆ_ನೋಡೋನು

ಒಂದು ಅಂಗೈ ಅಗಲದ ಟೋಪಿಗೆ ಇಷ್ಟು ಚರ್ಚೆಯಾ? ಮೂರು ವರ್ಷದ ಮಗು ಒಂದು ದಿನ ಹಾಕದೇ ಹೋದರೆ ಏನಾಗುತ್ತದೆ?

ಎಡಿಸನ್_ಪಕ್ಕದ_ಸೊಸೆ

ಏನೂ ಆಗುವುದಿಲ್ಲ ಸರ್. ಹುಡುಗರಿಗೆ ಧರ್ಮದ ಕಟ್ಟುಪಾಡು ಪೂರ್ತಿ ಬರುವುದು 13ಕ್ಕೆ. ಅಲ್ಲಿಯವರೆಗೆ ಅಭ್ಯಾಸ ಮಾಡಿಸುವುದು ಅಷ್ಟೇ.

ಆದರೆ ಒಂದು ಹಳೇ ಕಥೆ ಇದೆ, ಕೇಳಿ. ಯಹೂದಿಗಳ ಹಳೇ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಬರುತ್ತದೆ. ಈ ಮಗು ಕಳ್ಳನಾಗುತ್ತಾನೆ ಅಂತ ಜ್ಯೋತಿಷಿಗಳು ಒಬ್ಬ ತಾಯಿಗೆ ಹೇಳುತ್ತಾರೆ. ಅವಳು ಮಗನಿಗೆ, "ತಲೆ ಮುಚ್ಚಿಕೋ, ದೇವರ ಭಯ ನಿನ್ನ ಮೇಲಿರಲಿ" ಅನ್ನುತ್ತಾಳೆ. ಯಾಕೆ ಅಂತ ಅವನಿಗೆ ಗೊತ್ತಿಲ್ಲ. ದೊಡ್ಡವನಾಗಿ ಪಂಡಿತನಾದ. ಒಂದು ದಿನ ಯಾರದೋ ಖರ್ಜೂರದ ಮರದ ಕೆಳಗೆ ಕೂತು ಓದುತ್ತಿದ್ದಾಗ ತಲೆ ಮೇಲಿನ ಬಟ್ಟೆ ಜಾರಿತು. ಕತ್ತೆತ್ತಿ ನೋಡಿದ. ಆಸೆ ತಡೆಯಲಾಗಲಿಲ್ಲ. ಮರ ಹತ್ತಿ ಗೊನೆಯನ್ನು ಹಲ್ಲಿನಿಂದಲೇ ಕಚ್ಚಿ ಕಿತ್ತ. ಆ ಪಂಡಿತರೇ ರಾವ್ ನಹ್ಮಾನ್ ಬಾರ್ ಯಿತ್ಸಾಕ್. ಅಮ್ಮಂದಿರು ಬೆಳಿಗ್ಗೆ ಬಾಗಿಲಲ್ಲಿ ನಿಂತು ಟೋಪಿ ಹುಡುಕುವುದು ಇವತ್ತಿನ ಕಥೆಯಲ್ಲ!

ಸುಮ್ನೆ_ನೋಡೋನು

ಹಲ್ಲಿನಿಂದ ಕಿತ್ತದ್ದು ಇಷ್ಟ ಆಯ್ತು ಮೇಡಂ. ಸರಿ, ಮುಂದುವರಿಸಿ.

ಮೈಸೂರು_ಕ್ರೋಶಾ

ಕುಂದಾಪ್ರದಕ್ಕ, ಅಜ್ಜಿ ಹೆಣೆದವನ್ನು ಬೇರೆಯವುಗಳ ಜೊತೆ ಒಂದೇ ಚೀಲಕ್ಕೆ ತುರುಕಬೇಡಿ. ನಾನು ಕ್ರೋಶಾ ಕೆಲಸ ಮಾಡುತ್ತೇನೆ, ಈ ಕಿಪ್ಪಾಗಳ ಫೋಟೋ ನೋಡಿದ್ದೇನೆ. ಸಣ್ಣ ಹತ್ತಿ ದಾರ, ತೀರಾ ತೆಳು ಸೂಜಿ. ನೆತ್ತಿಯ ನಡುವಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಬರುತ್ತಾರೆ. ಅಂಚಿನಲ್ಲಿ ಬಣ್ಣದ ವಿನ್ಯಾಸ ಬರುವಾಗ ಎರಡು ಮೂರು ದಾರಗಳನ್ನು ಒಟ್ಟಿಗೆ ಒಳಗೇ ನಡೆಸಬೇಕು, ಎಣಿಕೆ ಒಂದು ತಪ್ಪಿದರೂ ವಿನ್ಯಾಸ ಸೊಟ್ಟ. ಬಟ್ಟಲಿನಂಥ ಆ ಆಕಾರ ಹೆಣಿಗೆಯ ಬಿಗಿಯಿಂದ ಬರುವಂಥದ್ದು. ಅದಕ್ಕೇ ಎಳೆದಾಡಿದರೆ ಅಂಚು ಅಲೆಅಲೆಯಾಗುತ್ತದೆ, ಆಮೇಲೆ ತಲೆಗೆ ಕೂರುವುದಿಲ್ಲ.

ತಣ್ಣೀರು, ಸ್ವಲ್ಪ ಶಾಂಪೂ, ಕೈಯಲ್ಲೇ ಒಗೆಯಿರಿ. ಹಿಂಡಬೇಡಿ. ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ತಲೆಯ ಗಾತ್ರದ ಯಾವುದಾದರೂ ಬಟ್ಟಲನ್ನು ಕವುಚಿ ಅದರ ಮೇಲೆ ಹರಡಿ ಒಣಗಿಸಿ. ಕ್ಲಿಪ್ ಹೊಲಿಯುವುದಾದರೆ ಅಂಚಿನ ದಾರಕ್ಕೆ ಹೊಲಿಯಬೇಡಿ, ಒಂದೆರಡು ಸಾಲು ಒಳಗೆ ಹೊಲಿಯಿರಿ. ಇಲ್ಲದಿದ್ದರೆ ಮಗು ಎಳೆದಾಗ ಅಂಚು ಕಿತ್ತುಬರುತ್ತದೆ.

ಇಡುವಾಗ ಒಂದರೊಳಗೆ ಒಂದು ಕೂರಿಸಿ. ದೊಡ್ಡದು ಹೊರಗೆ, ಚಿಕ್ಕದು ಒಳಗೆ. ಕ್ರೋಶಾದವು ತೆಳು, ಹತ್ತು ಸೇರಿದರೂ ಒಂದು ಹಿಡಿ ಎತ್ತರ ಆಗುವುದಿಲ್ಲ. ವೆಲ್ವೆಟ್ ಮಾತ್ರ ಈ ಗುಂಪಿಗೆ ಬೇಡ. ಅದನ್ನು ಮಡಿಸಿದರೆ ಗೆರೆ ಬೀಳುತ್ತದೆ, ಜುಂಗು ಹತ್ತುತ್ತದೆ. ಗೆರೆ ಬಿದ್ದರೆ ಇಸ್ತ್ರಿ ಹಾಕಬೇಡಿ, ಕುದಿಯುವ ನೀರಿನ ಆವಿಗೆ ಸ್ವಲ್ಪ ದೂರದಿಂದ ಹಿಡಿದು ಬೆರಳಲ್ಲಿ ಬಿಡಿಸಿ. ಜುಂಗಿಗೆ ಸೆಲೋಟೇಪು ಸಾಕು.

ಬಜ್ಪೆ_ಟು_ಬೇರ್‌ಶೇವಾ

ಬಟ್ಟಲು ಕವುಚೋದು ಅಂದ್ರಲ್ಲ, ಅದು ಅಲ್ಲಿ ನಡೆಯೋದಿಲ್ಲ ಅಕ್ಕ! ಕೋಷರ್ ಮನೆ, ಅಂದರೆ ಊಟಕ್ಕೆ ಯಹೂದಿ ನಿಯಮ ಪಾಲಿಸುವ ಮನೆ. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ಅವುಗಳ ಜಾಗವೂ ಬೇರೆ. ನಾವು ಯಾವುದೋ ಬಟ್ಟಲು ತೆಗೆದು ಸೋಪಿನ ಬಟ್ಟೆ ಹರಡಿದರೆ ಇಡೀ ಅಡುಗೆಮನೆ ವಿಚಾರಣೆ ಶುರುವಾಗುತ್ತದೆ. ಹುಡುಗನ ರಬ್ಬರ್ ಚೆಂಡು ತಗೋ. ಚೆಂಡನ್ನು ಒಂದು ಡಬ್ಬಿಯ ಬಾಯಿಗೆ ಕೂರಿಸಿ ಅದರ ಮೇಲೆ ಒಣಗಿಸು. ಒಣಗುವವರೆಗೆ ಚೆಂಡು ಕೊಡು ಅಂತ ಅವನು ಅಳುತ್ತಾನೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಮೈಸೂರು_ಕ್ರೋಶಾ

ಇದು ನನಗೆ ಹೊಳೆದಿರಲಿಲ್ಲ. ಚೆಂಡೇ ವಾಸಿ, ಆಕಾರವೂ ಸರಿ ಬರುತ್ತದೆ.

ಕುಂದಾಪ್ರದ_ಅಕ್ಕ

ಎಷ್ಟು ಉಪಯೋಗ ಆಯ್ತು! ಊರಿಂದ ಚಕ್ಕುಲಿ ತಂದಿದ್ದ ಸ್ಟೀಲ್ ಡಬ್ಬಿ ನನ್ನ ಹತ್ತಿರ ಖಾಲಿ ಇದೆ. ಅಗಲ ಸರಿಯಾಗಿದೆ, ಒಂದರೊಳಗೊಂದು ಕೂರಿಸಿದರೆ ಒಳ್ಳೇ ಹೊಂದುತ್ತವೆ. ಅದು ನನ್ನದೇ ಡಬ್ಬಿ, ಅಡುಗೆಮನೆಯದ್ದಲ್ಲ, ಹಾಗಾಗಿ ತಕರಾರಿಲ್ಲ. ಅಜ್ಜಿ ಹೆಣೆದವನ್ನು ಅದರಲ್ಲಿ ಹಾಕಿ ನುಸಿಗುಳಿಗೆ ಹಾಕಿಡಲಾ? ಚಳಿಗಾಲದಲ್ಲಿ ಈ ಕಲ್ಲಿನ ಮನೆ ಒಳಗೆಲ್ಲ ತೇವ.

ನರ್ಸಮ್ಮ_ಮಂಗಳೂರು

ನುಸಿಗುಳಿಗೆ ಬೇಡವೇ ಬೇಡ. ದಯವಿಟ್ಟು ಇದನ್ನು ಪೂರ್ತಿ ಓದಿ.

ಎಷ್ಟೋ ನುಸಿಗುಳಿಗೆಗಳಲ್ಲಿ ನಾಫ್ತಲೀನ್ ಇರುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುತ್ತದೆ. ಅಂಥವರು ನಾಫ್ತಲೀನ್ ವಾಸನೆ ಎಳೆದುಕೊಂಡರೆ, ಅದು ಹತ್ತಿದ ಬಟ್ಟೆ ಹಾಕಿಕೊಂಡರೆ, ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಕಾಮಾಲೆ ಬರುತ್ತದೆ, ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ. ಗಂಡು ಮಕ್ಕಳಲ್ಲಿ ಇದು ಜಾಸ್ತಿ. ಕುರ್ದಿಸ್ತಾನ ಮೂಲದ ಯಹೂದಿಗಳಲ್ಲಂತೂ ಈ ಕೊರತೆ ತುಂಬಾ ಸಾಮಾನ್ಯ, ಇರಾಕ್ ಮೂಲದವರಲ್ಲೂ ಇದೆ. ನಮ್ಮ ದೇಶದಲ್ಲೂ ಇದೆ. ಆ ಮನೆಯವರ ಮೂಲ ಯಾವುದೇ ಇರಲಿ, ದಿನಪೂರ್ತಿ ತಲೆ ಮೇಲಿರುವ ಟೋಪಿಗೆ ನಾಫ್ತಲೀನ್ ಬೇಡ. ಅಂಥ ಡಬ್ಬಿ ಮಗುವಿನ ಕೈಗೆ ಸಿಕ್ಕಿ, ಮಿಠಾಯಿ ಅಂತ ಗುಳಿಗೆ ಬಾಯಿಗೆ ಹಾಕಿಕೊಂಡರೆ ಇನ್ನೂ ಅಪಾಯ.

ಹತ್ತಿ ದಾರಕ್ಕೆ ನುಸಿಯ ಕಾಟವೂ ಅಷ್ಟಿಲ್ಲ. ನುಸಿಗೆ ಬೇಕಾಗುವುದು ಉಣ್ಣೆ, ರೇಷ್ಮೆ. ನಿಮ್ಮ ತೊಂದರೆ ತೇವದ್ದು. ಪೂರ್ತಿ ಒಣಗಿದ ಮೇಲೆ ಮುಚ್ಚಿಡಿ, ಬಿಸಿಲು ಬಂದ ದಿನ ಡಬ್ಬಿ ತೆರೆದಿಡಿ. ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣವನ್ನು ಮಗುವಿಗೆ ಎಟುಕುವ ಡಬ್ಬಿಯಲ್ಲಿ ಇಡಬೇಡಿ.

ಹಾಗೆಯೇ ಕ್ಲಿಪ್ ಬಗ್ಗೆ. ಈಗ ಆಯಸ್ಕಾಂತದ ಕಿಪ್ಪಾ ಕ್ಲಿಪ್ ಬರುತ್ತದೆ. ದೊಡ್ಡವರಿಗೆ ಸರಿ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಎರಡು ಆಯಸ್ಕಾಂತ ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ಒಂದಕ್ಕೊಂದು ಅಂಟಿ ತೂತು ಮಾಡುತ್ತವೆ. ಆಪರೇಷನ್ನೇ ಗತಿ.

ಕುಂದಾಪ್ರದ_ಅಕ್ಕ

ಕೇಳಿದ್ದು ಒಳ್ಳೇದಾಯ್ತು ಸಿಸ್ಟರ್. ಮನೆಯ ಅಳಿಯನ ಕಡೆಯವರು ಕುರ್ದಿಸ್ತಾನದಿಂದ ಬಂದವರೇ. ಸಂಜೆ ಹೇಳಿದೆ. ನುಸಿಗುಳಿಗೆ ನಮ್ಮಲ್ಲಿ ತರುವುದೇ ಇಲ್ಲ, ಆ ಕೊರತೆ ಮನೆಯಲ್ಲಿದೆ ಅಂದರು.

ಇನ್ನೊಂದು ಕೇಳಲಾ? ಶಿಶುವಿಹಾರದಿಂದ ಹೇನಿನ ಚೀಟಿ ಬಂದಿದೆ. ಹುಡುಗರು ಒಬ್ಬರ ಕಿಪ್ಪಾ ಇನ್ನೊಬ್ಬರು ಹಾಕಿಕೊಳ್ಳುತ್ತಾರೆ. ಎಲ್ಲವನ್ನೂ ಕುದಿಸಬೇಕಾ?

ನರ್ಸಮ್ಮ_ಮಂಗಳೂರು

ಎಲ್ಲವನ್ನೂ ಬೇಡ. ತಲೆ ಬಿಟ್ಟ ಹೇನು ಒಂದೆರಡು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಕಳೆದ ಎರಡು ದಿನದಲ್ಲಿ ಹಾಕಿದವನ್ನು ಮಾತ್ರ ನೋಡಿ. ತಡೆದುಕೊಳ್ಳುವ ಬಟ್ಟೆಯಾದರೆ 55 ಡಿಗ್ರಿಗಿಂತ ಬಿಸಿ ನೀರಲ್ಲಿ ಒಗೆಯಿರಿ. ವೆಲ್ವೆಟ್, ಅಜ್ಜಿ ಹೆಣೆದವು ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ 2 ವಾರ ಇಟ್ಟುಬಿಡಿ. ಕ್ಲಿಪ್‌ಗಳನ್ನು ಬಿಸಿ ನೀರಲ್ಲಿ ನೆನೆಹಾಕಿ. ನಿಜವಾದ ಕೆಲಸ ಇರುವುದು ತಲೆಯಲ್ಲಿ. ಹೇನಿನ ಬಾಚಣಿಗೆ ಹಿಡಿದು ಕೂರಿ.

ಗೋಕರ್ಣ_ಹೋಂಸ್ಟೇ

ನಾನೂ ಒಂದು ಕೇಳುತ್ತೇನೆ. ನಮ್ಮಲ್ಲಿಗೆ ಇಸ್ರೇಲಿನವರು ತುಂಬಾ ಬರುತ್ತಾರೆ, ಈಗ ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. ಹೋದ ಮೇಲೆ ದಿಂಬಿನ ಕೆಳಗೆ, ಹ್ಯಾಮಕ್‌ನಲ್ಲಿ ಈ ಪುಟ್ಟ ಟೋಪಿ ಸಿಗುತ್ತದೆ. ದೇವರ ವಸ್ತು ಅಂತ ಎಸೆಯಲು ಮನಸ್ಸಾಗದೆ ಕಪಾಟಿನಲ್ಲಿ ಇಟ್ಟಿದ್ದೆ, ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಬಂದಿತ್ತು. ಏನು ಮಾಡಬೇಕು?

ಎಡಿಸನ್_ಪಕ್ಕದ_ಸೊಸೆ

ಅಣ್ಣ, ಒಗೆದು ಬಿಸಿಲಿಗೆ ಹಾಕಿ, ಒಂದು ಬುಟ್ಟಿಯಲ್ಲಿ ಹಾಕಿ ಊಟದ ಜಾಗದಲ್ಲಿ ಇಡಿ. ಮುಂದಿನ ಅತಿಥಿಗಳು ಖುಷಿಯಾಗಿ ತೆಗೆದುಕೊಳ್ಳುತ್ತಾರೆ. ಬೂಷ್ಟು ಹೋಗದಷ್ಟು ಹಾಳಾದದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ತಪ್ಪೇನಿಲ್ಲ. ಆದರೆ ಹೀಬ್ರೂ ಅಕ್ಷರದ ಪ್ರಾರ್ಥನೆ ಪುಸ್ತಕ ಏನಾದರೂ ಸಿಕ್ಕರೆ ಎಸೆಯಬೇಡಿ, ಎತ್ತಿಟ್ಟು ಯಾರಾದರೂ ಬಂದಾಗ ಕೊಡಿ.

ಠಾಣೆ_ಶೆಟ್ರು

ನಾವು ಠಾಣೆಯಲ್ಲಿ ಹೋಟೆಲ್ ಇಟ್ಟವರು. ಇಲ್ಲಿ 1879ರ ಸಿನಗಾಗ್ ಇದೆ, ಶಾರ್ ಹಶಾಮಯಿಮ್. ಸುತ್ತಮುತ್ತ ಬೆನೆ ಇಸ್ರೇಲಿ (ಈ ಕಡೆಯದೇ ಯಹೂದಿಗಳ) ಮನೆಗಳು, ಮನೆಮಾತು ಮರಾಠಿ. ನನ್ನ ಗೆಳೆಯನದ್ದು ಒಂದು ರೂಮು, ಅಡುಗೆಮನೆ ಅಷ್ಟೇ. ಅವನ ಮಗ ದಿನವಿಡೀ ಟೋಪಿ ಹಾಕುವುದಿಲ್ಲ, ಪ್ರಾರ್ಥನೆಗೆ, ಸಿನಗಾಗ್‌ಗೆ, ಮನೆಯಲ್ಲಿ ಮಲಿದಾ (ಹರಕೆ ತೀರಿಸುವ ಪ್ರಾರ್ಥನೆ) ಇದ್ದಾಗ ಮಾತ್ರ. ಹಾಗಾಗಿ ಪ್ರಾರ್ಥನೆ ಪುಸ್ತಕ ಇಡುವ ಚೀಲದಲ್ಲೇ ಮಗನದ್ದೊಂದು ಟೋಪಿ, ಅಪ್ಪನದ್ದೊಂದು. ಕಥೆ ಮುಗಿಯಿತು. ನಿಮ್ಮ ಹುಡುಗನದ್ದು ಎದ್ದಾಗಿನಿಂದ ಮಲಗುವವರೆಗೆ, ಅದಕ್ಕೇ ಇಷ್ಟು ರಾಮಾಯಣ.

ಅಂದಹಾಗೆ ಬಾಗಿಲ ಹಿಂದೆ ನೇತು ಹಾಕುವ ಪ್ಲಾಸ್ಟಿಕ್ ಜೇಬುಗಳ ಶೂ ಸ್ಟ್ಯಾಂಡ್ ಬರುತ್ತದಲ್ಲ, ಹೊಸದು ತಂದರೆ ಆಗೋದಿಲ್ವಾ? ಪಾರದರ್ಶಕ, ಏನಿದೆ ಅಂತ ಕಾಣುತ್ತದೆ.

ಎಡಿಸನ್_ಪಕ್ಕದ_ಸೊಸೆ

ಆಗುತ್ತದೆ ಶೆಟ್ರೇ, ನಮ್ಮಲ್ಲಿ ಅದೇ ಇತ್ತು. ಮೂರು ವರ್ಷದವನಿಗೆ ಕೆಳಗಿನ ಸಾಲು ಮಾತ್ರ ಎಟುಕುತ್ತದೆ. ಮೇಲಿನ ಜೇಬುಗಳಿಗೆ ಟಾರ್ಚು, ಛತ್ರಿ, ಬಿಲ್ಲು ಎಲ್ಲ ಬಂದು ಕೂತವು. ಕಡೆಗೆ ಕಿಪ್ಪಾಗೆ ಜಾಗ ಇರಲಿಲ್ಲ. ಸಣ್ಣ ಮನೆಯಲ್ಲಿ ಖಾಲಿ ಜೇಬು ಖಾಲಿ ಇರೋದಿಲ್ಲ. ನನ್ನ ಮಾತು ಕೇಳಿದರೆ ಜಾಗ ಹೆಚ್ಚಿಸಬೇಡಿ, ಕಿಪ್ಪಾ ಕಡಿಮೆ ಮಾಡಿ.

ಕುಂದಾಪ್ರದ_ಅಕ್ಕ

ನಿನ್ನೆ ಅಜ್ಜಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹಾಸಿಗೆ ಮೇಲೆ ಹರಡಿದೆ. ಅಜ್ಜಿಗೆ ಮಾತು ಕಡಿಮೆ, ಆದರೆ ಇದರಲ್ಲಿ ಬಲು ಚುರುಕು. ಮದುವೆಯವುಗಳ ಒಳಗಿನ ಹೆಸರು ಓದಿಸಿಕೊಂಡು, ಇದು ಇರಲಿ, ಇದು ಬೇಡ ಅಂತ ಕೈಯಲ್ಲೇ ಬೇರೆ ಮಾಡಿದರು. ಒಂದು ಜೋಡಿಯ ಹೆಸರು ಕೇಳಿ "ಅವರು ಬಿಟ್ಟುಬಿಟ್ಟರು" ಅಂತ ನಕ್ಕು ಸಿನಗಾಗ್ ಬುಟ್ಟಿಯ ಗುಂಪಿಗೆ ಎಸೆದರು!

ಈಗ ಬಾಗಿಲ ಚೀಲದಲ್ಲಿ ನಾಲ್ಕು. ರೈಲಿನದ್ದು ಇರಲೇಬೇಕು ಅಂತ ಹುಡುಗನ ಹಟ, ಆಗಲಿ ಅಂದೆ. ವೆಲ್ವೆಟ್ ಬಿಳಿ ಅಂಗಿಯ ಹ್ಯಾಂಗರಿಗೆ. ಅಜ್ಜಿಯವು ಚಕ್ಕುಲಿ ಡಬ್ಬಿಗೆ, ಡಬ್ಬಿ ಕಪಾಟಿನ ತಲೆಯ ಮೇಲೆ. ಒಳಗಡೆ ಹೆಸರು ಬರೆಯಲು ಬಟ್ಟೆ ಪಟ್ಟಿ ತಂದಿದ್ದೇನೆ. ಶಿಶುವಿಹಾರದ ಬ್ಯಾಗಿನಲ್ಲಿ ಒಂದು ಹೆಚ್ಚುವರಿ ಇಡಬೇಕು ಅಂತ ಟೀಚರೂ ಹೇಳಿದರು.

ಕ್ಲಿಪ್ ಹೊಲಿಯುವುದು ಬಾಕಿ. ಹೊಲಿದರೆ ಒಗೆಯುವಾಗ ತುಕ್ಕು ಹಿಡಿಯುವುದಿಲ್ವಾ?

ಮೈಸೂರು_ಕ್ರೋಶಾ

ಅಗ್ಗದ ಕ್ಲಿಪ್ ಆದರೆ ಹಿಡಿಯುತ್ತದೆ. ಬಿಳಿ ದಾರಕ್ಕೆ ತುಕ್ಕಿನ ಕಲೆ ಬಿದ್ದರೆ ಹೋಗುವುದು ಕಷ್ಟ. ಬಣ್ಣ ಬಳಿದ ಕ್ಲಿಪ್‌ನ ಬಣ್ಣ ಏಳುತ್ತಿದ್ದರೆ ಬಿಸಾಡಿ. ಅಜ್ಜಿ ಹೆಣೆದವಕ್ಕೆ ಹೊಲಿಯಲೇಬೇಡಿ, ಬಾಗಿಲ ಚೀಲದ ನಾಲ್ಕಕ್ಕೆ ಮಾತ್ರ ಹೊಲಿಯಿರಿ. ಒಗೆದ ಮೇಲೆ ಕ್ಲಿಪ್ಪನ್ನು ಬಟ್ಟೆಯಲ್ಲಿ ಒರೆಸಿ, ತೆರೆದಿಟ್ಟೇ ಒಣಗಿಸಿ.

ಬಜ್ಪೆ_ಟು_ಬೇರ್‌ಶೇವಾ

ಶುಕ್ರವಾರ ಮಧ್ಯಾಹ್ನದ ಒಳಗೆ ಹೊಲಿದು ಮುಗಿಸು ಮಾರಾಯ್ತಿ. ಸಂಜೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಸೂಜಿ ಹೊರಗೆ ಬರೋದಿಲ್ಲ. ಕ್ಲಿಪ್ ಬೇಕಿದ್ದರೆ ಮಾರುಕಟ್ಟೆಯಲ್ಲಿ "ಸೀಕೋತ್" ಅಂತ ಕೇಳು, ಹುಡುಗಿಯರ ಹೂವಿನ ಕ್ಲಿಪ್ ಕೊಟ್ಟುಬಿಡುತ್ತಾರೆ, ಕಿಪ್ಪಾದ್ದು ಅಂತ ಒತ್ತಿ ಹೇಳು.